ಹೋಗುವಾಗ ಮೌನ, ಬರುವಾಗ ಟಕ್

"ಕೈ ತೆಗಿ! ಕೀ ಮುಟ್ಟಬೇಡ!"

ಕಾರಿನ ಅಡಿಯಿಂದ ಬಂದ ಕೂಗಿಗೆ ಇನ್ಸ್‌ಪೆಕ್ಟರ್ ಕಾದ ಬಾಣಲೆ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಸ್ಟೀರಿಂಗಿನ ಪಕ್ಕದಲ್ಲಿ ಕೀ ಗೊಂಚಲು ಸುಮ್ಮನೆ ತೂಗಾಡಿತು.

"ಅಲ್ಲ ಅತ್ತಿಗೆ, ರಾತ್ರಿಯೆಲ್ಲ ಈ ಚಳಿಯಲ್ಲಿ ನಿಂತಿರೋ ಕಾರು. ಒಂಚೂರು ಬಿಸಿ ಮಾಡಿಟ್ರೆ ನಿಮಗೆ ಅನುಕೂಲ ಆಗ್ಲಿ ಅಂತ..."

"ಬಿಸಿಯಾದ ಕಾರು ಸುಳ್ಳು ಹೇಳುತ್ತೆ ಪುಟ್ಟಾ. ಚಳಿಗೆ ಮೈ ಬಿಗಿ ಹಿಡ್ಕೊಂಡು ನಿಂತಿರೋವಾಗಲೇ ಮಾತಾಡಿಸ್ಬೇಕು. ಇಳಿ ಕೆಳಗೆ. ಮುಂದಿನ ಮಡ್‌ಗಾರ್ಡ್ ಮೇಲೆ ಎರಡೂ ಕೈ ಊರಿ ಒತ್ತು, ಬಿಡು. ಒತ್ತು, ಬಿಡು. ತೊಟ್ಟಿಲು ತೂಗ್ತೀವಲ್ಲ, ಹಾಗೆ."

ಠಾಣೆಯಲ್ಲಿ ಅವನು ಒಳಗೆ ಕಾಲಿಟ್ಟರೆ ಕುರ್ಚಿಗಳು ಹಿಂದೆ ಸರಿದು ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಅತ್ತಿಗೆಯ ಮುಂದೆ ಮಾತ್ರ ಅವನು ಪುಟ್ಟ. ಆಕೆ ಮದುವೆಯಾಗಿ ಮನೆಗೆ ಬಂದಾಗ ಅವನಿನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಹುಡುಗ. ಅವನ ಹೋಮ್‌ವರ್ಕ್ ನೋಡಿಕೊಂಡೇ ಆಕೆ ತನ್ನ ಎಂಜಿನಿಯರಿಂಗ್ ಪರೀಕ್ಷೆ ಮುಗಿಸಿದ್ದಳು. ಈಗ ಅಪಘಾತವಾದ ವಾಹನಗಳನ್ನು ಪರೀಕ್ಷಿಸಿ ವರದಿ ಕೊಡುವುದು ಅವಳ ಕೆಲಸ. ಲಾರಿ ಮಾಲೀಕರೂ ವಕೀಲರೂ ಅವಳ ವರದಿ ಎಂದರೆ ನೆಟ್ಟಗೆ ಕೂರುತ್ತಾರೆ ಎಂಬುದು ಅವನಿಗೆ ಎಷ್ಟು ಹೆಮ್ಮೆಯೋ, ಅಷ್ಟೇ ಹೆಮ್ಮೆ ಆಕೆ ಇವತ್ತು ತನಗಾಗಿ ರಜೆ ಹಾಕಿ ಬಂದಿದ್ದಾಳೆ ಎಂಬುದು.

ಅವನು ಒತ್ತಿದ, ಬಿಟ್ಟ. ಹಳೆಯ ಕಾರು ಮುದುಕಿಯಂತೆ "ಕಿರ್ರ್" ಎಂದಿತು.

ಶೆಡ್ಡಿನ ಬಾಗಿಲಲ್ಲಿ ಶಾಲು ಹೊದ್ದು ನಿಂತಿದ್ದ ದೊಡ್ಡ ಡಾಕ್ಟರ ಸೋದರಳಿಯ ಒಂದು ಹೆಜ್ಜೆ ಮುಂದೆ ಬಂದ. "ಅದು ಮೊದಲಿಂದಲೂ ಹಾಗೇ ಸಾರ್. ಚಳಿ ಶುರುವಾದಾಗಿನಿಂದ ಈ ಕಾರು ಶೆಡ್ ಬಿಟ್ಟು ಕದಲಿಲ್ಲ. ಮಾವನಿಗೆ ಕಣ್ಣು ಮಂಜಾಗಿದೆ, ನನಗೆ ಅಂಗಡಿ ಬಿಟ್ಟು ಪುರಸೊತ್ತಿಲ್ಲ. ತಿಂಗಳ ಮೇಲಾಯ್ತು. ಇದನ್ನ ನೋಡಿ ಏನು ಸಿಗುತ್ತೆ?"

ಏನು ಸಿಗುತ್ತದೆ ಎಂದು ಇನ್ಸ್‌ಪೆಕ್ಟರಿಗೂ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಇಷ್ಟೇ: ಊರಿನ ದನಕರುಗಳಿಗೆಲ್ಲ ವೈದ್ಯರಾದ ದೊಡ್ಡ ಡಾಕ್ಟರು ಕಾಣೆಯಾಗಿ ಎರಡು ರಾತ್ರಿ ಕಳೆದಿತ್ತು, ಅವರ ಹೃದಯದ ಮಾತ್ರೆಗಳ ನೀಲಿ ಡಬ್ಬಿ ಇನ್ನೂ ವರಾಂಡದ ಕಿಟಕಿಯ ಕಟ್ಟೆಯ ಮೇಲೇ ಕೂತಿತ್ತು.

ಎರಡು ಹೊತ್ತು ತಪ್ಪದೆ ನುಂಗಬೇಕಾದ ಮಾತ್ರೆ. ಹೊರಗೆ ಬಕೆಟ್ಟಿನ ನೀರು ಬೆಳಗಾಗುವಷ್ಟರಲ್ಲಿ ಗಾಜಾಗುವ ಚಳಿ. ಈ ಲೆಕ್ಕದಲ್ಲಿ ಮೂರನೆಯ ರಾತ್ರಿಗೆ ಜಾಗವೇ ಇರಲಿಲ್ಲ.

ಲಾಕಪ್ಪಿನಲ್ಲಿ ಡಾಕ್ಟರ ಹಳೆಯ ಡ್ರೈವರ್ ಕೂತಿದ್ದ. ಗೇಟಿನ ಹತ್ತಿರ ಇಬ್ಬರೂ ಜೋರು ದನಿಯಲ್ಲಿ ಮಾತಾಡಿದ್ದನ್ನು ಬೀದಿಯೇ ಕೇಳಿತ್ತು. ಡಾಕ್ಟರ ಮಫ್ಲರ್ ಡ್ರೈವರ್ ಮನೆಯ ಗೂಟದಲ್ಲಿ ಸಿಕ್ಕಿತ್ತು. "ಚಳಿ ಅಂತ ಅವರೇ ಕೊಟ್ರು ಸಾಹೇಬ್ರೇ" ಎಂದು ಅವನು ಹೇಳುತ್ತಲೇ ಇದ್ದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಅವಸರದಲ್ಲಿ ತಾನು ಅವನನ್ನು ಒಳಗೆ ಹಾಕಿಬಿಟ್ಟೆನೇ ಎಂಬ ಅನುಮಾನ ಇನ್ಸ್‌ಪೆಕ್ಟರನ್ನು ನಿನ್ನೆಯಿಂದ ಕೊರೆಯುತ್ತಿತ್ತು. ಅದಕ್ಕೇ ಅತ್ತಿಗೆಯ ಮನೆ ಬಾಗಿಲು ತಟ್ಟಿದ್ದ.

"ನಿಲ್ಲಿಸಬೇಡ, ತೂಗ್ತಾ ಇರು."

ಅವನು ಬಗ್ಗಿ ನೋಡಿದ. ಅತ್ತಿಗೆ ಗೋಣಿಚೀಲದ ಮೇಲೆ ಅಂಗಾತ ಮಲಗಿದ್ದಳು. ಕೈಯಲ್ಲಿ ಅಡುಗೆಮನೆಯ ಉದ್ದ ಹಿಡಿಯ ಮರದ ಸೌಟು. ಹಿಡಿಯ ತುದಿಯನ್ನು ಚಕ್ರದ ಹಿಂದಿನ ಕೀಲಿಗೆ ಆನಿಸಿ, ಸೌಟಿನ ಬೆನ್ನನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು, ಕಣ್ಣು ಮುಚ್ಚಿದ್ದಳು. ಜ್ವರ ಬಂದ ಮಗುವಿನ ಎದೆಗೆ ಕಿವಿಯಿಡುವ ತಾಯಿಯ ಮುಖ ಹಾಗೇ ಇರುತ್ತದೆ. ಅವಳ ಆಫೀಸಿನಲ್ಲಿ ಕಬ್ಬಿಣದ ಮೂಳೆ ಮುರಿದದ್ದನ್ನೂ ಹೇಳುವ ಯಂತ್ರಗಳಿದ್ದವು. ಆದರೂ ಮೊದಲು ಸೌಟು, ಆಮೇಲೆ ಯಂತ್ರ ಎಂಬುದು ಅವಳ ಕಟ್ಟುಪಾಡು. ಮರ ಸದ್ದನ್ನು ಸೋಸದೆ ತಲುಪಿಸುತ್ತದೆ ಎನ್ನುತ್ತಿದ್ದಳು.

"ಈ ಕಿರ್ರ್ ಬರೀ ವಯಸ್ಸಿಂದು," ಅವಳು ಅಲ್ಲಿಂದಲೇ ತೀರ್ಪು ಕೊಟ್ಟಳು. "ಕೀಲುಗಳ ಮಧ್ಯೆ ರಬ್ಬರ್ ಬುಷ್ ಇರುತ್ತೆ. ಚಳಿಗೆ ಅದು ಗಟ್ಟಿಯಾಗುತ್ತೆ, ನಮ್ಮಮ್ಮನ ಮಂಡಿ ಥರ. ನಾಲ್ಕು ಹೆಜ್ಜೆ ಓಡಾಡಿದ್ರೆ ಸರಿಹೋಗುತ್ತೆ. ಇದನ್ನ ಸಾಕ್ಷಿ ಕಟ್ಟೆಗೆ ಹತ್ತಿಸಬೇಡ. ಈಗ ಹಿಂದೆ ಹೋಗಿ ತೂಗು."

ಹಿಂದೆ ತೂಗಿದಾಗ ಅವಳ ಹುಬ್ಬು ಗಂಟಾಯಿತು. ಸೌಟು ಬಲಗಡೆಯ ಪಟ್ಟಿ ಸ್ಪ್ರಿಂಗಿನ ಹತ್ತಿರ ತುಂಬ ಹೊತ್ತು ನಿಂತಿತು.

"ಇಲ್ಲಿ ರಬ್ಬರ್ ಸವೆದು ಹೋಗಿದೆ. ಸಡಿಲ. ಬೋಲ್ಟು ಹಲ್ಲು ಬಿದ್ದ ಬಾಯಲ್ಲಿ ನಾಲಿಗೆ ಹೊರಳಿದ ಹಾಗೆ ಹೊರಳ್ತಾ ಇದೆ." ಅವಳು ಹೊರಗೆ ಜಾರಿ ಬಂದು ಸೀರೆಯ ನೆರಿಗೆ ಕೊಡವಿಕೊಂಡಳು. "ಹೂಂ, ಕೀ ಕೊಡು. ಓಡಿಸಿ ನೋಡೋಣ. ಮಗಳು ಶಾಲೆಯಿಂದ ಬರೋಷ್ಟರಲ್ಲಿ ನಾನು ಮನೆಯಲ್ಲಿರ್ಬೇಕು."

"ನಾನೂ ಬರ್ತೀನಿ," ಸೋದರಳಿಯ ತಟ್ಟನೆ ಹೇಳಿದ. "ಮಾವನಿಗೆ ಜೀವದಂಥ ಕಾರು. ಬೇರೆಯವರ ಕೈಗೆ ಬಿಟ್ಟೆ ಅಂದ್ರೆ ಬೈತಾರೆ."

"ಬನ್ನಿ, ಬನ್ನಿ," ಎಂದಳು ಅತ್ತಿಗೆ, ಮನೆಗೆ ಬಂದ ನೆಂಟರನ್ನು ಕರೆಯುವಷ್ಟೇ ಆದರದಿಂದ. "ಮನೆಗೆ ಬೀಗ ಹಾಕ್ಕೊಂಡು ಬನ್ನಿ. ನಾನು ಅಷ್ಟರಲ್ಲಿ ಗೇಟಿನ ಹೊರಗೆ ತರ್ತೀನಿ."

ಅವಳು ಒಬ್ಬಳೇ ಕಾರನ್ನು ಶೆಡ್ಡಿನಿಂದ ಹೊರಗೆ ತಂದಳು. ಗೇಟಿನ ಕಲ್ಲು ಹೊಸ್ತಿಲನ್ನು ಹಿಂದಿನ ಚಕ್ರ ದಾಟಿದಾಗ ಸ್ಪಷ್ಟವಾಗಿ ಕೇಳಿಸಿತು.

ಟಕ್.

ಇನ್ಸ್‌ಪೆಕ್ಟರ್ ಮುಂದೆ ಕೂತ. ಸೋದರಳಿಯ ಹಿಂದೆ ಕೂತ. ಮೈ ತುಂಬಿಕೊಂಡ ಆಸಾಮಿ. ಅವನು ಕೂತೊಡನೆ ಕಾರಿನ ಹಿಂಭಾಗ ನಿಟ್ಟುಸಿರು ಬಿಟ್ಟು ಒಂದು ಬೆರಳು ಕೆಳಗಿಳಿಯಿತು.

ಬೀದಿಯಲ್ಲಿ ಅವಳು ನಿಧಾನವಾಗಿ, ತುಂಬು ಕೊಡ ಹೊತ್ತವಳಂತೆ ಓಡಿಸಿದಳು. ಎರಡು ಕೈಯ ಬೆರಳ ತುದಿ ಮಾತ್ರ ಸ್ಟೀರಿಂಗ್ ಮೇಲೆ. ಕಾರು ಬೆಣ್ಣೆಯ ಮೇಲೆ ಚಾಕು ಹೋದಂತೆ ಹೋಯಿತು.

"ಪರವಾಗಿಲ್ಲವೇ!" ಎಂದಳು ಅವಳು ಮೆಚ್ಚಿ. "ತಿಂಗಳಿಂದ ಕದಲದೇ ಇರೋ ಕಾರು ಎಷ್ಟು ನಯವಾಗಿ ಹೋಗ್ತಿದೆ ನೋಡು ಪುಟ್ಟಾ."

"ಹೌದು ಅತ್ತಿಗೆ," ಎಂದ ಅವನು.

"ನಮ್ಮ ಚಿಕ್ಕವಳು ನೆನಪಿದೆಯಾ? ಕೂಸಾಗಿದ್ದಾಗ ರಾತ್ರಿಯೆಲ್ಲ ಒಂದೇ ಮಗ್ಗುಲಲ್ಲಿ ಮಲಗ್ತಿದ್ಳು. ಬೆಳಿಗ್ಗೆ ಎದ್ರೆ ಕೆನ್ನೆ ಮೇಲೆ ದಿಂಬಿನ ಅಚ್ಚು."

"ನೆನಪಿದೆ..."

"ಟೈರಿಗೂ ಹಾಗೇ. ಅದರಲ್ಲೂ ಹಳೇ ಟೈರು, ಅದರಲ್ಲೂ ಚಳಿಗಾಲ. ವಾರಗಟ್ಟಲೆ ಒಂದೇ ಕಡೆ ನಿಂತ್ರೆ ನೆಲಕ್ಕೆ ತಾಗಿದ ಜಾಗ ಚಪ್ಪಟೆ ಆಗುತ್ತೆ. ಮೊದಲ ಒಂದೆರಡು ಮೈಲಿ ಕುಂಟುತ್ತೆ, ಸ್ಟೀರಿಂಗ್ ಕುಣಿಯುತ್ತೆ. ಆಮೇಲೆ ಟೈರು ಬಿಸಿಯಾಗಿ ದುಂಡಗಾಗುತ್ತೆ." ಅವಳು ಕನ್ನಡಿಯಲ್ಲಿ ಹಿಂದಕ್ಕೆ ನೋಡಿ ನಕ್ಕಳು. "ಇದರ ಕೆನ್ನೆ ಮೇಲೆ ಅಚ್ಚೇ ಇಲ್ಲ ನೋಡಿ. ಪುಣ್ಯ ಮಾಡಿದ ಟೈರು."

ಹಿಂದಿನ ಸೀಟಿನಲ್ಲಿ ಶಾಲು ಸರಿದಾಡಿತು. "ಒಳ್ಳೇ ಕಂಪನಿದು," ಎಂದ ಸೋದರಳಿಯ.

ಇನ್ಸ್‌ಪೆಕ್ಟರಿಗೆ ಮೈಯಲ್ಲಿ ಏನೋ ಎಚ್ಚರವಾಯಿತು. ಅತ್ತಿಗೆ ಹರಟುತ್ತಿಲ್ಲ, ಪಾಠ ಹೇಳುತ್ತಿದ್ದಾಳೆ. ಗಣಿತದಲ್ಲಿ ಉತ್ತರ ಹೇಳದೆ ಪಕ್ಕದ ಲೆಕ್ಕ ತೋರಿಸಿ ಸುಮ್ಮನಾಗುತ್ತಿದ್ದ ಅದೇ ಅತ್ತಿಗೆ. ಈ ಕಾರು ಓಡಾಡಿದೆ. ಮೊನ್ನೆ ಮೊನ್ನೆಯೇ ಓಡಾಡಿದೆ.

ಬೇಕರಿಯ ಮುಂದೆ ರಸ್ತೆಯಲ್ಲಿ ಒಂದು ಉಬ್ಬು. ಕಾರು ಅದನ್ನು ಹತ್ತಿ ಇಳಿಯಿತು. ಸದ್ದಿಲ್ಲ.

ಅತ್ತಿಗೆಯ ಎಡ ಹುಬ್ಬು ಮಾತ್ರ ಒಂದು ಕೂದಲೆಳೆಯಷ್ಟು ಮೇಲೆ ಹೋಯಿತು.

ಊರು ದಾಟಿ ರಸ್ತೆ ತೆರೆದುಕೊಂಡಿತು. ಎರಡೂ ಬದಿಯ ಹೊಲಗಳ ಮೇಲೆ ಇಬ್ಬನಿ ಬೂದಿಯಂತೆ ಕೂತಿತ್ತು. ಉಳುಮೆಯ ಸಾಲುಗಳು ಕಲ್ಲಾಗಿದ್ದವು. ಅವಳು ವೇಗ ಹೆಚ್ಚಿಸಿದಳು.

ಸ್ಟೀರಿಂಗ್ ನಡುಗತೊಡಗಿತು.

ಮೊದಲು ಜುಮ್ಮೆಂದಿತು, ಆಮೇಲೆ ಗಡಗಡ ಎಂದಿತು. ಡ್ಯಾಶ್‌ಬೋರ್ಡಿನ ಮೇಲಿದ್ದ ಡಾಕ್ಟರ ಕನ್ನಡಕದ ಪೆಟ್ಟಿಗೆ ಕುಣಿದು ಇನ್ಸ್‌ಪೆಕ್ಟರನ ತೊಡೆಯ ಮೇಲೆ ಬಿತ್ತು. ಅವಳು ವೇಗ ತಗ್ಗಿಸಿದಳು, ನಿಂತಿತು. ಏರಿಸಿದಳು, ಮತ್ತೆ ಬಂತು.

"ಇದೇ ಇರ್ಬೇಕು ನೀವು ಹೇಳಿದ ಚಪ್ಪಟೆ!" ಸೋದರಳಿಯ ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ ಹೇಳಿದ. "ನೋಡಿ, ನಿಂತೂ ನಿಂತೂ ಹೀಗಾಗಿದೆ."

"ಇರಬಹುದಪ್ಪಾ. ನೋಡೇಬಿಡೋಣ. ಚಪ್ಪಟೆ ಆಗಿದ್ರೆ ಓಡ್ತಾ ಓಡ್ತಾ ಹೋಗುತ್ತೆ."

ಅವಳು ಓಡಿಸಿದಳು. ಹಾಳು ಸೇತುವೆ ದಾಟಿತು, ಸಾಲುಮರ ದಾಟಿತು. ಎಂಜಿನ್ ಬಿಸಿಯಾಗಿ ಕಾಲ ಬುಡಕ್ಕೆ ಶಾಖ ಬಂತು. ನಡುಕ ಮಾತ್ರ ಸಾಲಗಾರನಂತೆ ಬೆನ್ನು ಬಿಡಲಿಲ್ಲ.

ಅವಳು ಕಾರು ಬದಿಗೆ ನಿಲ್ಲಿಸಿ ಇಳಿದು, ಎಡ ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಿನಲ್ಲಿ ಕೂತಳು. ಚಕ್ರದ ಹೊರಮೈ ಒರೆಸಿದ ಪಾತ್ರೆಯಂತೆ ಸ್ವಚ್ಛವಾಗಿತ್ತು. ಅವಳು ಚಕ್ರದ ಹಿಂದಕ್ಕೆ ಕೈ ತೂರಿಸಿ ತಡವಿದಳು. ಬಾಣಂತಿಯ ಮನೆಯಲ್ಲಿ ಕತ್ತಲಲ್ಲೇ ಮಗುವಿನ ಬಟ್ಟೆ ಒದ್ದೆಯೋ ಒಣಗಿದೆಯೋ ಎಂದು ತಡವುವ ಕೈ ಅದು. ಅದಕ್ಕೆ ಕಣ್ಣು ಬೇಡ.

"ಸೌಟು ಕೊಡು ಪುಟ್ಟಾ."

ಹಿಡಿಯಿಂದ ಎರಡೇಟು. ರಿಮ್ಮಿನ ಒಳಮೈಯಿಂದ ಮುಷ್ಟಿ ಗಾತ್ರದ ಹೆಂಟೆ ಕಳಚಿ ಅವಳ ಅಂಗೈಗೆ ಬಿತ್ತು. ಹೆಪ್ಪುಗಟ್ಟಿದ ಕೆಸರು. ಅವಳು ಅದನ್ನು ಬಿಸಿಲಿಗೆ ಹಿಡಿದಳು. ಕಪ್ಪಲ್ಲ, ಕೆಂಪಲ್ಲ. ಮಸಿ ಚೆಲ್ಲಿದ ಹಾಗೆ ನೀಲಿ.

"ನಡುಕಕ್ಕೆ ಇದೇ ಕಾರಣ. ಚಕ್ರದ ಒಂದೇ ಕಡೆ ಇಷ್ಟು ಭಾರ ಅಂಟಿಕೊಂಡ್ರೆ ಜೋರಾಗಿ ತಿರುಗೋವಾಗ ತೂಕ ತಪ್ಪುತ್ತೆ. ಕಾಯಿಲೆ ಕಾರಿಂದಲ್ಲ." ಅವಳು ಚೀಲದಿಂದ ಮಗಳ ಖಾಲಿ ಊಟದ ಡಬ್ಬಿ ತೆಗೆದು ಹೆಂಟೆಯನ್ನು ಜೋಪಾನವಾಗಿ ಮುಚ್ಚಿಟ್ಟಳು. "ಯಾರೋ ಹೊರಗಡೆಯೆಲ್ಲ ಚೆನ್ನಾಗಿ ಒರೆಸಿದ್ದಾರೆ. ನಮ್ಮ ಮನೇಲಿ ಗಂಡಸರು ಪಾತ್ರೆ ತೊಳೆದ ಹಾಗೆ. ಹೊರಗೆ ಥಳಥಳ, ಒಳಗೆ ನೋಡೋದೇ ಇಲ್ಲ."

ಇನ್ಸ್‌ಪೆಕ್ಟರ್ ರಸ್ತೆಯ ಬದಿಯ ನೆಲವನ್ನು ಬೂಟಿನಿಂದ ಒದ್ದ. ಟಣ್ ಎಂದಿತು.

"ಅತ್ತಿಗೆ," ಅವನು ನಿಧಾನವಾಗಿ ಹೇಳಿದ, "ವಾರದಿಂದ ಊರಲ್ಲಿ ನೆಲ ಕಲ್ಲಾಗಿದೆ. ಕೆರೆ ಅಂಚೇ ಗಟ್ಟಿಯಾಗಿದೆ. ಚಕ್ರಕ್ಕೆ ಅಂಟೋಕೆ ಕೆಸರು ಎಲ್ಲಿಂದ ಬಂತು?"

ಅವಳ ಮುಖ ಅರಳಿತು. ಅವನು ಏಳರ ಮಗ್ಗಿ ತಪ್ಪಿಲ್ಲದೆ ಒಪ್ಪಿಸಿದ ದಿನ ಅರಳಿದಂತೆಯೇ. "ನೀನೇ ಹೇಳು."

"ನೆಲ ಬೆಚ್ಚಗಿರೋ ಕಡೆಯಿಂದ. ಬಿಸಿನೀರು ಹರಿಯೋ ಕಡೆಯಿಂದ. ನೀಲಿ ಬಿಸಿನೀರು." ಅವನು ತಿರುಗಿ ಹಿಂದಿನ ಸೀಟಿನ ಕಡೆ ನೋಡಿದ. "ಬಣ್ಣದ ಕಾರ್ಖಾನೆಯ ಹಿತ್ತಲ ಕಾಲುವೆ. ಅದರ ನೀರು ಕುಡಿದು ದನ ಸಾಯ್ತಿವೆ ಅಂತ ನಾಳೆ ಕೋರ್ಟಿನಲ್ಲಿ ದೊಡ್ಡ ಡಾಕ್ಟರು ಸಾಕ್ಷಿ ಹೇಳ್ಬೇಕಿತ್ತು. ನಿಮ್ಮ ಅಂಗಡಿಗೆ ಬಟ್ಟೆಗೆ ಬಣ್ಣ ಹಾಕಿಸೋದು ಅಲ್ಲೇ ಅಲ್ವಾ?"

"ಊರಲ್ಲಿ ಎಲ್ಲರೂ ಅಲ್ಲೇ ಹಾಕಿಸೋದು ಸಾರ್!"

"ಅತ್ತಿಗೆ, ಕೂತ್ಕೊಳ್ಳಿ. ಕಾರ್ಖಾನೆಗೆ ಹೋಗೋಣ. ಹಿಂದಿನ ಗೋಡೌನ್‌ನಲ್ಲೇ ಇರ್ತಾರೆ ಅವರು. ಈಗಲೇ!"

ಅವಳು ಸ್ಟೀರಿಂಗ್ ಹಿಂದೆ ಕೂತು ಕಾರು ತಿರುಗಿಸಿದಳು. ಅದೇ ವೇಗಕ್ಕೆ ಏರಿದರೂ ಈಗ ಸ್ಟೀರಿಂಗ್ ನಿದ್ದೆ ಹೋದ ಮಗುವಿನಂತೆ ತಣ್ಣಗಿತ್ತು. ಆದರೆ ಕಾರ್ಖಾನೆಯ ತಿರುವು ಬಂದಾಗ ಅವಳು ತಿರುಗಲಿಲ್ಲ.

"ಅತ್ತಿಗೆ! ತಿರುವು ಬಿಟ್ರಿ!"

"ಗೊತ್ತು. ಇನ್ನೊಂದು ಸದ್ದು ಬಾಕಿ ಇದೆ. ಒಂದು ಒಗಟು ಬಿಡಿಸಿ ಇನ್ನೊಂದನ್ನ ಹಾಗೇ ಬಿಟ್ಟು ಎದ್ರೆ ಅಡುಗೆ ಅರ್ಧ ಬೆಂದ ಹಾಗೆ."

ಬೇಕರಿಯ ಮುಂದೆ ಕಾರು ನಿಂತಿತು. ಒಲೆಯ ಬಿಸಿಗಾಳಿಯ ಜೊತೆ ಬ್ರೆಡ್ಡಿನ ಪರಿಮಳ ಬೀದಿಗೆ ಬರುತ್ತಿತ್ತು. ಅತ್ತಿಗೆ ಹಿಂದಕ್ಕೆ ತಿರುಗಿ ತುಂಬ ಮರ್ಯಾದೆಯಿಂದ ಕೇಳಿದಳು:

"ಒಂದೇ ಒಂದು ನಿಮಿಷ ಇಳೀತೀರಾ? ತೊಂದರೆ ಕೊಡ್ತಾ ಇದ್ದೀನಿ."

ಅವನು ಇಳಿದ. ಅವಳು ಉಬ್ಬಿನ ಮೇಲೆ ಕಾರು ಹತ್ತಿಸಿ ಇಳಿಸಿದಳು.

ಟಕ್.

"ಹತ್ತಿ."

ಅವನು ಹತ್ತಿದ. ಮತ್ತೆ ಉಬ್ಬು. ಮೌನ.

"ಇಳೀರಿ."

ಟಕ್.

"ಇದೇನು ಮೇಡಂ, ನನ್ನನ್ನ ಕುಣಿಸ್ತಾ ಇದ್ದೀರಾ?" ಇಷ್ಟು ಚಳಿಯಲ್ಲೂ ಅವನ ಹಣೆಯ ಮೇಲೆ ಬೆವರು ಮಿಂಚಿತು.

"ನಿಮ್ಮನ್ನಲ್ಲ ಸ್ವಾಮಿ, ಸ್ಪ್ರಿಂಗನ್ನ. ಹಿಂದೆ ಭಾರ ಕೂತ್ರೆ ಸವೆದ ಜಾಗ ಬಿಗಿಯಾಗುತ್ತೆ, ಸದ್ದು ಬರಲ್ಲ. ಖಾಲಿಯಿದ್ರೆ ಬಡಿಯುತ್ತೆ. ಚಳಿಗೆ ರಬ್ಬರ್ ಕಲ್ಲಾಗಿರೋದ್ರಿಂದ ಇನ್ನೂ ಜೋರು."

ಇನ್ಸ್‌ಪೆಕ್ಟರಿಗೆ ಒಂದು ಮಾತು ನೆನಪಾಯಿತು. ಲಾಕಪ್ಪಿನ ಸರಳಿನ ಹಿಂದಿನಿಂದ ಡ್ರೈವರ್ ಹೇಳಿದ್ದ: "ಆ ಕಾರು ನಮ್ಮ ಸಾಹೇಬ್ರ ಥರಾನೇ ಸಾರ್. ಒಂಟಿಯಾಗಿದ್ರೆ ಗೊಣಗುತ್ತೆ, ಅವರು ಹಿಂದೆ ಕೂತ್ರೆ ತೆಪ್ಪಗಿರುತ್ತೆ." ಮುದುಕನ ಬಡಬಡಿಕೆ ಎಂದುಕೊಂಡು ತಾನು ಅದನ್ನು ಬರೆದುಕೊಂಡಿರಲೂ ಇಲ್ಲ.

ಆಗ ಬೇಕರಿಯ ಬಾಗಿಲು ತೆರೆದು, ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡ ಬೇಕರಿ ಅಕ್ಕ ಹೊರಗೆ ಬಂದಳು.

"ಅಯ್ಯೋ ದೇವರೇ, ಹಗಲಲ್ಲೂ ಶುರುವಾಯ್ತಾ ಈ ಟಕ್ ಟಕ್? ನನ್ನ ನಿದ್ದೆ ಕೆಡಿಸಿದ ಪುಣ್ಯಾತ್ಮ ಯಾರು ಅಂತ ನೋಡೋಕೆ ಬಂದೆ."

"ಈ ಸದ್ದು ಮುಂಚೆ ಕೇಳಿದ್ದೀರಾ ಅಕ್ಕಾ?" ಅತ್ತಿಗೆ ಕಾರಿನಿಂದಿಳಿದು ಅವಳ ಹತ್ತಿರ ಹೋದಳು.

"ಕೇಳದೇ ಏನಮ್ಮಾ! ಈ ಹಂಪ್ ನನ್ನ ಮಂಚದ ತಲೆದೆಸೆಯಲ್ಲೇ ಇದೆ. ಮೊನ್ನೆ ರಾತ್ರಿ ಮಲಗೋಕೆ ಹೋಗ್ತಿದ್ದೆ. ಒಂದು ಕಾರು ಹೋಯ್ತು, ಬೆಕ್ಕು ಹೋದ ಹಾಗೆ, ಸದ್ದಿಲ್ಲ. ಆಮೇಲೆ ಇನ್ನೊಂದು ಕಾರು ಬಂತು ನೋಡಿ, ಟಕ್ ಅಂತ."

"ಇನ್ನೊಂದಲ್ಲ ಅಕ್ಕಾ. ಅದೇ ಕಾರು."

ಇನ್ಸ್‌ಪೆಕ್ಟರನ ಮುಷ್ಟಿ ಬಿಗಿಯಾಯಿತು. ಹೋಗುವಾಗ ಹಿಂದಿನ ಸೀಟಿನಲ್ಲಿ ಭಾರವಿತ್ತು. ಬರುವಾಗ ಇರಲಿಲ್ಲ. ದೊಡ್ಡ ಡಾಕ್ಟರು ಹೆಸರಿಗೆ ತಕ್ಕಂಥ ದೊಡ್ಡ ಆಳು. ಈ ಕಾರು ಅವರನ್ನು ಕಾಲುವೆಯ ಹತ್ತಿರ ಬಿಟ್ಟು ಬಂದಿತ್ತು. ಕಬ್ಬಿಣ ತನಗೆ ಗೊತ್ತಿದ್ದಷ್ಟನ್ನೂ ಬೇಕರಿಯ ಕಿವಿಗೆ ಹೇಳಿತ್ತು. ಅದನ್ನು ಬಿಡಿಸಿ ಓದಲು ಒಬ್ಬ ಅತ್ತಿಗೆ ಬರಬೇಕಾಯಿತು. ಅವನಿಗೆ ಕಣ್ಣು ಹನಿಗೂಡಿದಂತಾಯಿತು, ಚಳಿಗಾಳಿ ಎಂದುಕೊಂಡ.

"ಸಾಕು ಅತ್ತಿಗೆ. ಹೊರಡೋಣ, ಕಾರ್ಖಾನೆಗೆ..."

"ಇರೋ. ಅಕ್ಕನ ಮಾತು ಮುಗಿದಿಲ್ಲ. ಅವರು 'ನಿದ್ದೆ ಕೆಡಿಸಿದ' ಅಂದ್ರು. ಮೊನ್ನೆ ಅವರು ಇನ್ನೂ ಮಲಗಿರ್ಲಿಲ್ಲ."

ಬೇಕರಿ ಅಕ್ಕ ಹಿಟ್ಟಿನ ಕೈಯಿಂದಲೇ ಮೂಗು ಉಜ್ಜಿಕೊಂಡಳು. "ಕೆಡಿಸಿದ್ದು ಇವತ್ತು ಕಣಮ್ಮಾ. ಬೆಳಗಿನ ಜಾವ, ಒಲೆ ಹೊತ್ತಿಸೋಕೂ ಮುಂಚೆ. ಟಕ್ ಅಂತ ಊರಾಚೆ ಹೋಯ್ತು. ಬೈಕೊಂಡು ಎದ್ದು ಹಿಟ್ಟು ನಾದೋಕೆ ನಿಂತೆ. ಸ್ವಲ್ಪ ಹೊತ್ತಿಗೆ ಬೆಳಕು ಕಾಣ್ತು, ಕಾರು ವಾಪಸ್ ಬಂತು." ಅವಳು ಕತ್ತು ಓರೆ ಮಾಡಿದಳು. "ವಾಪಸ್ ಬಂದಾಗ ಸದ್ದೇ ಇರ್ಲಿಲ್ಲ."



ಹೋಗುವಾಗ ಟಕ್. ಬರುವಾಗ ಮೌನ.

ಖಾಲಿ ಹೋಗಿ, ಭಾರ ಹೊತ್ತು ಬಂದಿದೆ.

ಸೋದರಳಿಯ ಶಾಲು ಸರಿಮಾಡಿಕೊಳ್ಳುವ ನೆಪದಲ್ಲಿ ಎರಡು ಹೆಜ್ಜೆ ಹಿಂದಿಟ್ಟ. ಮೂರನೆಯದಕ್ಕೆ ಇನ್ಸ್‌ಪೆಕ್ಟರನ ಕೈ ಅವನ ಭುಜದ ಮೇಲಿತ್ತು.

"ಕಾರು ತಿಂಗಳಿಂದ ಕದಲಿಲ್ಲ ಅಂದ್ರಿ."

"ಅದು... ಮಾವನನ್ನ ಹುಡುಕೋಕೆ ಹೋಗಿದ್ದೆ ಸಾರ್. ಹೇಳಿದ್ರೆ ನನ್ನ ಮೇಲೇ ಅನುಮಾನ ಪಡ್ತೀರಿ ಅಂತ ಮುಚ್ಚಿಟ್ಟೆ. ಕರುಳು ತಡೀಲಿಲ್ಲ."

"ಹುಡುಕೋಕೆ ಹೋಗೋರು ಮೊನ್ನೆ ರಾತ್ರಿ ಹಾಗೆ ಹೋಗ್ತಾ ಭಾರ ಹೊತ್ಕೊಂಡು ಹೋಗಲ್ಲಪ್ಪಾ," ಅತ್ತಿಗೆ ಮೆಲ್ಲಗೆ ಹೇಳಿದಳು. ಅವಳ ದನಿಯಲ್ಲಿ ಗದರಿಕೆ ಇರಲಿಲ್ಲ. ಸುಳ್ಳು ಹೇಳಿದ ಮಗನೆದುರು ಕೂತು, ಊಟ ಆರುತ್ತಿದ್ದರೂ ನಿಜಕ್ಕಾಗಿ ಕಾಯುವ ತಾಳ್ಮೆ ಇತ್ತು. "ಅವರಿಗೆ ಉಸಿರಿದೆಯಾ? ಅದೊಂದು ಹೇಳಿಬಿಡಿ. ಮಿಕ್ಕಿದ್ದು ಆಮೇಲೆ."

ಅವನು ಶಾಲಿನ ಅಂಚು ಹಿಡಿದು ಮುಖ ತಿರುಗಿಸಿದ.

"ಇವತ್ತೇ ಯಾಕೆ ವಾಪಸ್ ತಂದ್ರಿ?" ಎಂದು ಕೇಳುತ್ತಲೇ ಇನ್ಸ್‌ಪೆಕ್ಟರಿಗೆ ಉತ್ತರ ಹೊಳೆದು ಕೆನ್ನೆಗೆ ಹೊಡೆದಂತಾಯಿತು. ನಿನ್ನೆ ಸಂಜೆ ಇದೇ ಮನುಷ್ಯನ ಕೈ ಹಿಡಿದು, ಮನೆಯವರಿಗೆ ಧೈರ್ಯ ಹೇಳಬೇಕು ಎಂಬ ಒಳ್ಳೆಯ ಬುದ್ಧಿಯಿಂದ ತಾನೇ ಹೇಳಿದ್ದ: 'ನಾಳೆ ಕಾರ್ಖಾನೆ ಪೂರ್ತಿ ಜಾಲಾಡಿಸ್ತೀನಿ, ಚಿಂತೆ ಮಾಡ್ಬೇಡಿ.' ಪೊಲೀಸರು ಒಮ್ಮೆ ನೋಡಿ ಬಿಟ್ಟುಹೋದ ಮನೆಗಿಂತ ಭದ್ರವಾದ ಜಾಗ ಇನ್ನಾವುದಿದೆ?

ಅತ್ತಿಗೆ ಅವನ ಮುಖ ಓದಿದಳು. "ಮರುಗೋದು ಆಮೇಲೆ ಪುಟ್ಟಾ. ಕಾರು ಹತ್ತು."

ಮನೆಗೆ ಬರುವವರೆಗೂ ಸೋದರಳಿಯ ತುಟಿ ಬಿಚ್ಚಲಿಲ್ಲ. ಗೇಟಿನ ಹೊಸ್ತಿಲು ದಾಟಿದಾಗ ಕಾರೂ ಬಿಚ್ಚಲಿಲ್ಲ. ವರಾಂಡದಲ್ಲಿ ಅವನು ಬೀಗ ತೆಗೆಯುತ್ತ, "ಒಳಗೆ ಯಾರೂ ಇಲ್ಲ, ಬೇಕಾದ್ರೆ ವಕೀಲರ ಮುಂದೆ..." ಎಂದು ಶುರುಮಾಡಿದವನು ಅರ್ಧಕ್ಕೇ ನಿಲ್ಲಿಸಿದ.

ಅವನ ದೃಷ್ಟಿ ಕಿಟಕಿಯ ಕಟ್ಟೆಯ ಮೇಲಿತ್ತು.

ಇನ್ಸ್‌ಪೆಕ್ಟರೂ ನೋಡಿದ. ಧೂಳಿನ ನಡುವೆ ದುಂಡಗಿನ ಸ್ವಚ್ಛ ಜಾಗವೊಂದು ಉಳಿದಿತ್ತು. ನೀಲಿ ಡಬ್ಬಿ ಇರಲಿಲ್ಲ.

"ನಾವು ಹೊರಡೋವಾಗ ಇಲ್ಲೇ ಇತ್ತು," ಎಂದ ಇನ್ಸ್‌ಪೆಕ್ಟರ್.

"ಇತ್ತು. ನಾನೂ ನೋಡಿದ್ದೆ," ಎಂದಳು ಅತ್ತಿಗೆ. "ಇವರು ಆಗಿನಿಂದ ನಮ್ಮ ಜೊತೆಗೇ ಇದ್ದಾರೆ."

ಇಬ್ಬರೂ ಒಟ್ಟಿಗೆ ಸೋದರಳಿಯನ ಕಡೆ ತಿರುಗಿದರು. ಸಿಕ್ಕಿಬಿದ್ದವನ ಮುಖ ಇನ್ಸ್‌ಪೆಕ್ಟರಿಗೆ ಚೆನ್ನಾಗಿ ಗೊತ್ತು. ಇದು ಅದಲ್ಲ. ಇದು ತನ್ನದೇ ಮನೆಯಲ್ಲಿ ದೆವ್ವ ಕಂಡವನ ಮುಖ.

ಮನೆಯ ಹಿಂಭಾಗದಲ್ಲಿ, ಡಾಕ್ಟರು ದನಕರುಗಳ ಔಷಧಿ ಇಡುತ್ತಿದ್ದ ಕೋಣೆ. ದಪ್ಪ ಮರದ ಬಾಗಿಲು. ಸೋದರಳಿಯ ಅದನ್ನು ಕಂಡು ಗೋಡೆಗೆ ಆನಿಕೊಂಡ.

"ಬೀಗ... ಇಲ್ಲೇ ಬೀಗ ಹಾಕಿದ್ದೆ. ಹೊರಗಿನಿಂದ."

ಚಿಲಕದಲ್ಲಿ ಬೀಗವಿರಲಿಲ್ಲ. ಇನ್ಸ್‌ಪೆಕ್ಟರ್ ಬಾಗಿಲು ತಳ್ಳಿದ. ಒಳಗಿನಿಂದ ಅಗಳಿ ಹಾಕಿತ್ತು. ಒದೆಯಲು ಅವನು ಕಾಲೆತ್ತುವಷ್ಟರಲ್ಲಿ ಅತ್ತಿಗೆ ಅವನ ತೋಳು ಹಿಡಿದಳು.

"ದುಡುಕಬೇಡ. ಮೊದಲು ಕೇಳೋಣ."

ಅವಳು ಸೌಟಿನ ಹಿಡಿಯ ತುದಿಯನ್ನು ಬಾಗಿಲಿಗೆ ಆನಿಸಿ, ಇನ್ನೊಂದು ತುದಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಕಣ್ಣು ಮುಚ್ಚಿದಳು. ಮನೆಯೆಲ್ಲ ಅವಳ ಜೊತೆ ಕಿವಿಗೊಟ್ಟಂತಿತ್ತು. ಇನ್ಸ್‌ಪೆಕ್ಟರ್ ಅವಳ ಮುಖವನ್ನೇ ನೋಡುತ್ತ ನಿಂತ. ದೊಡ್ಡ ಡಾಕ್ಟರ ಬದುಕು ಸಾವು ಎರಡೂ ಈಗ ಆ ಮುಖದ ಮೇಲೆ ಮೂಡಬೇಕಿತ್ತು.

ನಿಧಾನವಾಗಿ ಅವಳ ತುಟಿಯಂಚು ಸಡಿಲವಾಯಿತು.

"ಉಸಿರಾಟ. ಭಾರವಾದ ಗೊರಗೊರ ಉಸಿರು. ವಯಸ್ಸಾದವರದ್ದು. ಬದುಕಿದ್ದಾರೆ ಪುಟ್ಟಾ."

ಅವನು ಬಾಗಿಲ ಕಡೆ ಹೆಜ್ಜೆ ಇಟ್ಟ. ಆದರೆ ಅವಳು ಕಿವಿ ತೆಗೆಯಲಿಲ್ಲ. ಹುಬ್ಬು ಮತ್ತೆ ಗಂಟಾಯಿತು, ಸವೆದ ಸ್ಪ್ರಿಂಗಿನ ಹತ್ತಿರ ಆದಂತೆಯೇ.

"ಅವರೊಬ್ಬರೇ ಅಲ್ಲ," ಅವಳು ಪಿಸುಗುಟ್ಟಿದಳು. "ಇನ್ನೊಂದು ಉಸಿರಿದೆ. ಸಣ್ಣದು. ಬಾಗಿಲಿಗೆ ಒತ್ತಿಕೊಂಡು ನಿಂತಿದೆ. ನಾವು ಕೇಳ್ತಾ ಇರೋ ಹಾಗೇ ನಮ್ಮನ್ನ ಕೇಳ್ತಾ ಇದೆ. ಮಾತ್ರೆ ಒಯ್ದಿದ್ದೂ ಬೀಗ ತೆಗೆದಿದ್ದೂ ಅದೇ ಇರ್ಬೇಕು."

ಸೋದರಳಿಯ ಗೋಡೆಗುಂಟ ಜಾರಿ ನೆಲಕ್ಕೆ ಕುಸಿದ.

"ಸಾಧ್ಯವೇ ಇಲ್ಲ," ಎಂದ. ಇಡೀ ದಿನದಲ್ಲಿ ಅವನ ಬಾಯಿಂದ ಬಂದ ಮೊದಲ ನಿಜ ಅದು ಎಂಬುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ. "ನಾನು ತಂದಿದ್ದು ಮಾವನೊಬ್ಬರನ್ನೇ."

ಬಾಗಿಲ ಆಚೆ, ಯಾರೋ ತುಂಬ ಜೋಪಾನವಾಗಿ, ಅಗಳಿ ಸರಿಸತೊಡಗಿದರು.